ತಾಸು, ನಿಮಿಷ ಮತ್ತು ಒಂದು ಸಣ್ಣ ಮ್ಯಾಕ್ರೋ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಗೆ ಕರೆದವರು ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತನಾಡಬೇಕು ಎಂದಿದ್ದರು. ಅದರ ಬಗ್ಗೆ ಟಿವಿಯವರು ದಿನಾಲೂ ಮಾತಾಡುತ್ತಾರೆ, ಅವರು ಬಿಟ್ಟದ್ದನ್ನು ವಾಟ್ಸಾಪ್‌ನವರು ತುಂಬಿಕೊಡುತ್ತಾರೆ. ನಾನು ಇವತ್ತು ಅದಕ್ಕಿಂತ ಬಹಳ ಸಣ್ಣ ವಿಷಯ ತಂದಿದ್ದೇನೆ. ಎಕ್ಸೆಲ್ ಹಾಳೆಯಲ್ಲಿ ವೇಳೆಯನ್ನು ಹೇಗೆ ಬರೆಯಬೇಕು, ಬೇಗ ಹೇಗೆ ಬರೆಯಬೇಕು, ಅದಕ್ಕೆ ಒಂದು ಸಣ್ಣ ಮ್ಯಾಕ್ರೋ ಹೇಗೆ ಸಹಾಯ ಮಾಡುತ್ತದೆ ಎಂಬುದಷ್ಟೇ ವಿಷಯ. "ಇದನ್ನು ಹೇಳಲಿಕ್ಕೆ ಬೆಂಗಳೂರಿಂದ ಬಂದ್ಯಾ?" ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಅಂದುಕೊಳ್ಳುತ್ತಿದ್ದರೆ ಸ್ವಲ್ಪ ತಡೆಯಿರಿ. ಇದರಲ್ಲಿ ದುಡ್ಡಿನ ಮಾತಿದೆ, ಅದೂ ನಮ್ಮಂಥವರ ದುಡ್ಡು.

ನಮ್ಮೂರಿಗೆ ಕಾಲುವೆ ನೀರಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಮುಗಿಲೇ ಕಾಲುವೆ. ಮಳೆ ಕೈಕೊಟ್ಟ ವರ್ಷ ನಮ್ಮ ಹಿರಿಯರು ನಾಟಿ ಹಚ್ಚಲಿಕ್ಕೆ, ಕಳೆ ತೆಗೆಯಲಿಕ್ಕೆ ಗಂಗಾವತಿ ಕಡೆ ಹೋಗುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆಗಳು ಹಸಿರಾಗಿದ್ದವು, ಅಲ್ಲಿ ಕೆಲಸವಿತ್ತು. ಹಾಗೆ ಹೋದವರಲ್ಲಿ ನಮ್ಮ ಕಾಕಾ ಒಬ್ಬರು. ಅವರು ಅಲ್ಲಿಯೇ ನಿಂತು, ಲಾವಣಿಗೆ ಗದ್ದೆ ಹಿಡಿದು, ಕಡೆಗೆ ಸಾಲ ಮಾಡಿ ಒಂದು ಭತ್ತ ಕಟಾವು ಮಾಡುವ ಮಷಿನ್ ತಂದರು. ಈಗ ಎರಡಿವೆ. ಅದರ ಲೆಕ್ಕ ನೋಡುವವರು ಕಾಕಾನ ಸೊಸೆ, ನನಗೆ ಅತ್ತಿಗೆ. ಅವರೂ ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಇವತ್ತು ಬರಬೇಕಾಗಿತ್ತು, ಹಂಗಾಮು ನಡೆದಿರುವುದರಿಂದ ಬರಲಾಗಲಿಲ್ಲ.

ಕಟಾವು ಮಷಿನ್‌ಗೆ ಬಾಡಿಗೆ ತಾಸಿನ ಲೆಕ್ಕ. ಮಷಿನ್ ಗದ್ದೆಗೆ ಇಳಿದ ವೇಳೆ, ಹೊರಬಿದ್ದ ವೇಳೆ, ಎರಡನ್ನೂ ಡ್ರೈವರ್ ಒಂದು ಚೀಟಿಯಲ್ಲಿ ಬರೆಯುತ್ತಾನೆ. ರೈತರ ಹೆಸರು, ಊರು, ಎರಡು ವೇಳೆ, ಕೆಳಗೊಂದು ಸಹಿ. ರಾತ್ರಿ ಆ ಚೀಟಿಗಳು ಅತ್ತಿಗೆಯ ಮುಂದೆ ಬಂದು ಬೀಳುತ್ತವೆ. ಎರಡೂ ಮಷಿನ್ ಓಡುವ ದಿನಗಳಲ್ಲಿ ಹತ್ತಾರು ಚೀಟಿ. ಕೆಲವು ಬೆವರಿನಿಂದ ಒದ್ದೆ, ಕೆಲವಕ್ಕೆ ಡೀಸೆಲ್ ವಾಸನೆ. ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ತುಂಬಬೇಕು, ಬೆಳಿಗ್ಗೆ ಕಾಕಾ ಹೊರಡುವ ಮೊದಲು ಯಾರ ಬಾಕಿ ಎಷ್ಟು ಎಂದು ಹೇಳಬೇಕು.

ಈಗ ಕಂಪ್ಯೂಟರ್ ಮುಟ್ಟಿದವರು ಒಂದು ಕ್ಷಣ ನಿಮ್ಮ ಕೈಗಳನ್ನು ಯೋಚಿಸಿಕೊಳ್ಳಿ. ಎಂಟೂವರೆಯನ್ನು ಎಕ್ಸೆಲ್‌ನಲ್ಲಿ ಸರಿಯಾಗಿ ಬರೆಯುವುದೆಂದರೆ 8, ಆಮೇಲೆ ಮೇಲೊಂದು ಕೆಳಗೊಂದು ಎರಡು ಚುಕ್ಕಿ, ಆಮೇಲೆ 30. ಆ ಎರಡು ಚುಕ್ಕಿಯ ಗುರುತು ಬೇಕಾದರೆ ಶಿಫ್ಟ್ ಕೀಲಿ ಒತ್ತಿ ಹಿಡಿದು ಇನ್ನೊಂದು ಕೀಲಿ ಹೊಡೆಯಬೇಕು. ಬಲಗಡೆ ಅಂಕಿಗಳದ್ದೇ ಒಂದು ಗುಂಪಿದೆಯಲ್ಲ, ಬ್ಯಾಂಕಿನವರು ನೋಡದೆಯೇ ಪಟಪಟ ಹೊಡೆಯುತ್ತಾರಲ್ಲ, ಅದರಲ್ಲಿ ಆ ಗುರುತೇ ಇಲ್ಲ. ಅಂದರೆ ಎಡಗೈ ಬೇಕೇ ಬೇಕು. ಆದರೆ ಅತ್ತಿಗೆಯ ಎಡಗೈ ಚೀಟಿಯ ಮೇಲಿರುತ್ತದೆ, ಬೆರಳು ಸಾಲನ್ನು ಹಿಡಿದಿರುತ್ತದೆ. "ಚುಕ್ಕಿ ಹೊಡಿಲಿಕ್ಕ ಕೈ ಎತ್ತಿದ್ರ ಸಾಲು ತಪ್ಪತೈತಿ, ಸಾಲು ಹಿಡಿದ್ರ ಚುಕ್ಕಿ ಬರೂದಿಲ್ಲ ನೋಡಪಾ" ಎಂದು ಅವರು ನನಗೆ ಒಮ್ಮೆ ಹೇಳಿದ್ದರು. ಕಂಪ್ಯೂಟರ್ ಬಳಕೆಯ ಕಷ್ಟವನ್ನು ಇಷ್ಟು ಸರಿಯಾಗಿ ಹೇಳಿದವರನ್ನು ನಾನು ನನ್ನ ಕಂಪನಿಯಲ್ಲೂ ಕಂಡಿಲ್ಲ.

ಕಷ್ಟವಾದಾಗ ಮನುಷ್ಯ ಸುಲಭದ ದಾರಿ ಹುಡುಕುತ್ತಾನೆ. ಅಂಕಿಗಳ ಗುಂಪಿನಲ್ಲಿ ಒಂದು ಚುಕ್ಕಿ ಇದೆ, ದಶಮಾಂಶದ್ದು. ಆದ್ದರಿಂದ ಎಂಟೂವರೆ 8.30 ಆಗುತ್ತದೆ. ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ, ಲಗ್ನಪತ್ರಿಕೆಯಲ್ಲಿ ನಾವೆಲ್ಲ ಹಾಗೆಯೇ ಬರೆಯುತ್ತೇವೆ, ಡ್ರೈವರ್ ಚೀಟಿಯಲ್ಲಿಯೂ ಹಾಗೆಯೇ ಇರುತ್ತದೆ. ಓದುವವರು ಮನುಷ್ಯರಾಗಿರುವ ತನಕ ಏನೂ ತೊಂದರೆಯಿಲ್ಲ. ಅತ್ತಿಗೆ ಬಳಸುತ್ತಿದ್ದ ಹಾಳೆ ಬೇರೆ ಯಾರೋ ಮಾಡಿಕೊಟ್ಟದ್ದು. ಅದರಲ್ಲಿಯೂ ಚುಕ್ಕಿಯದೇ ಪದ್ಧತಿ: ಮುಗಿದ ವೇಳೆಯಿಂದ ಶುರುವಾದ ವೇಳೆ ಕಳೆ, ತಾಸಿನ ದರದಿಂದ ಗುಣಿಸು, ಬಿಲ್ಲು ಬಂತು.

ಆ ಹಾಳೆಯ ತಪ್ಪು ಬಯಲಿಗೆ ಬಂದದ್ದು ಒಬ್ಬ ಅಜ್ಜಿಯಿಂದ. ಗಂಡ ಇಲ್ಲದವರು, ಸಣ್ಣದೊಂದು ಮಡಿ. ಬಿಲ್ಲು 1,440 ರೂಪಾಯಿ ಎಂದು ಹೇಳಿದ್ದಕ್ಕೆ ನೇರ ಕಾಕಾನ ಮನೆಗೆ ಬಂದರು. ನಾನು ರಜೆಗೆ ಹೋಗಿದ್ದೆ, ಕಟ್ಟೆಯ ಮೇಲೆ ಕುಳಿತಿದ್ದೆ. ಅಜ್ಜಿಗೆ ಗಡಿಯಾರ ಓದಲು ಬಾರದು. "ಏ ತಮ್ಮಾ, ಒಲಿ ಮ್ಯಾಲ ಅನ್ನಕ್ಕ ಇಟ್ಟು ಹೊಲಕ್ಕ ಹ್ವಾದೆ. ಮಷಿನ್ ಹೊರಗ ಬಂತು, ನಾ ಮನಿಗೆ ಬಂದೆ, ಅನ್ನ ಇನ್ನಾ ಕುದಿಯಾಕ ಹತ್ತಿತ್ತು. ಅಷ್ಟರಾಗ ಸಾವಿರದ ನಾಕನೂರು ಹೆಂಗಾತು?" ಎಂದು ಕೇಳಿದರು. ಕಾಕಾ ಅತ್ತಿಗೆಯ ಮುಖ ನೋಡಿದರು, ಅತ್ತಿಗೆ ಚೀಟಿ ತೆಗೆದರು. ಶುರು 10.50, ಮುಗಿದದ್ದು 11.10.

ಮಕ್ಕಳೇ, ಬಾಯಿಲೆಕ್ಕ ಮಾಡಿ. 10 ಗಂಟೆ 50 ನಿಮಿಷದಿಂದ 11 ಗಂಟೆ 10 ನಿಮಿಷದವರೆಗೆ ಎಷ್ಟು? ಇಪ್ಪತ್ತು ನಿಮಿಷ. ಆ ಹಂಗಾಮಿನಲ್ಲಿ ಕಾಕಾನ ದರ ತಾಸಿಗೆ 2,400 ರೂಪಾಯಿ, ನಿಮಿಷಕ್ಕೆ 40. ಇಪ್ಪತ್ತು ನಿಮಿಷಕ್ಕೆ 800 ರೂಪಾಯಿ. ಹಾಳೆ ಏನು ಮಾಡಿತ್ತು? 11.10ರಲ್ಲಿ 10.50 ಕಳೆದು 0.60 ತಂದಿತ್ತು. 0.60 ಅನ್ನು 2,400ರಿಂದ ಗುಣಿಸಿದರೆ 1,440. ಯಂತ್ರದ ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ 60 ನಿಮಿಷದ ತಾಸು ಕಾಣಿಸಲಿಲ್ಲ, 100 ನಿಮಿಷದ ತಾಸು ಕಾಣಿಸಿತ್ತು.

ಕಳೆಯುವ ಲೆಕ್ಕದಲ್ಲಿ ಅಂಕಿ ಸಾಲದಿದ್ದರೆ ಪಕ್ಕದ ಮನೆಯಿಂದ ಕೈಗಡ ತರುತ್ತೇವಲ್ಲ, ಗುಟ್ಟು ಅಲ್ಲಿದೆ. ತಾಸಿನ ಗೆರೆ ದಾಟಿದಾಗ ಕೈಗಡ ತರಬೇಕಾದದ್ದು 60. ಚುಕ್ಕಿಯ ಹಾಳೆ ತರುವುದು 100. ಹೀಗಾಗಿ ಕೈಗಡ ತಂದಾಗಲೆಲ್ಲ ರೈತನ ತಲೆಗೆ ಹೆಚ್ಚು ಬೀಳುತ್ತದೆ. ಮಧ್ಯಾಹ್ನ 2.40ಕ್ಕೆ ಶುರುವಾಗಿ 4.10ಕ್ಕೆ ಮುಗಿದರೆ ದುಡಿದದ್ದು ಒಂದೂವರೆ ತಾಸು, ಬಾಡಿಗೆ 3,600. ಹಾಳೆ 1.70 ಎಂದು ಹಿಡಿದು 4,080 ಕೇಳುತ್ತದೆ. ಕೈಗಡ ಬೇಡವಾದಾಗ ಉಲ್ಟಾ ಆಗುತ್ತದೆ: 10.15ರಿಂದ 12.30 ಅಂದರೆ ಎರಡೂಕಾಲು ತಾಸು, 5,400 ಬರಬೇಕು. ಹಾಳೆ 2.15 ಎಂದು ಹಿಡಿದು 5,160 ಕೊಡುತ್ತದೆ, ಮಷಿನ್ ಮಾಲೀಕನಿಗೆ 240 ಖೋತಾ.

"ಹಂಗಾದ್ರ ಒಮ್ಮೆ ಅವರಿಗೆ, ಒಮ್ಮೆ ನಮಗ, ಸಮಾ ಆತಲ್ಲ" ಎಂದು ನಮ್ಮ ಅಣ್ಣ ಅಂದ. ಆಗುವುದಿಲ್ಲ. ಐದು ತಾಸು ಕಟಾವು ಮಾಡಿಸುವ ದೊಡ್ಡ ರೈತನ ಬಿಲ್ಲಿನಲ್ಲಿ ಈ ತಪ್ಪು ಎಲೆಯ ಮೂಲೆಯ ಉಪ್ಪಿನಕಾಯಿಯಷ್ಟು. ಇಪ್ಪತ್ತು ನಿಮಿಷದ ಅಜ್ಜಿಯ ಬಿಲ್ಲಿನಲ್ಲಿ ಅದು ಊಟದಷ್ಟು. 800ರ ಮೇಲೆ 640 ಹೆಚ್ಚು! ಕೆಲಸ ಸಣ್ಣದಿದ್ದು ತಾಸಿನ ಗೆರೆ ದಾಟಿತೋ, ಪೆಟ್ಟು ದೊಡ್ಡದು. ಮಡಿ ಸಣ್ಣದಾದಷ್ಟೂ ಪೆಟ್ಟಿನ ಪಾಲು ಹೆಚ್ಚು.

ಆಣೆ ಲೆಕ್ಕ ಬಲ್ಲ ನಮ್ಮ ಅಜ್ಜಂದಿರ ಕೈಗೆ ಈ ಹಾಳೆ ಕೊಟ್ಟಿದ್ದರೆ ಅವರು ಮೊದಲ ದಿನವೇ ಹಿಡಿಯುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ರೂಪಾಯಿಗೆ ನೂರು ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ. ಮೂರು ರೂಪಾಯಿ ಹನ್ನೆರಡಾಣೆಯನ್ನು ಯಾವ ಸಾಹುಕಾರನೂ 3.12 ಎಂದು ಬರೆದು ಗುಣಿಸುತ್ತಿರಲಿಲ್ಲ, ಅದು ಮೂರೂ ಮುಕ್ಕಾಲು ಎಂದು ನಾಲಿಗೆಯ ಮೇಲೆಯೇ ಇತ್ತು. ದುಡ್ಡು ನೂರಕ್ಕೆ ಬಂತು, ತೂಕ ಸಾವಿರಕ್ಕೆ ಬಂತು, ವೇಳೆ ಮಾತ್ರ ಅರವತ್ತರಲ್ಲೇ ಉಳಿಯಿತು. ವೇಳೆಯನ್ನೂ ಹತ್ತು ನೂರಕ್ಕೆ ತರುವ ಪ್ರಯತ್ನ ಆಗಿಲ್ಲವೆಂದಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ಎಂದು ಕಾನೂನನ್ನೇ ಮಾಡಿದರು. ಜನ ಒಪ್ಪಲಿಲ್ಲ, 1795ರಲ್ಲಿ ಕೈಬಿಟ್ಟರು. ಅದು ನಿಂತಿದ್ದರೆ ಅಜ್ಜಿಯ ಬಿಲ್ಲೂ ಸರಿಯಿರುತ್ತಿತ್ತು, ನನ್ನ ಈ ಭಾಷಣವೂ ಇರುತ್ತಿರಲಿಲ್ಲ.

ಸರಿ, ಎಕ್ಸೆಲ್ ಒಳಗೆ ವೇಳೆ ಹೇಗೆ ಕೂರುತ್ತದೆ ಎಂಬುದನ್ನು ನೋಡೋಣ. ಪಂಚಾಂಗ ನೋಡುವ ಹಿರಿಯರಿಗೆ ಇದು ಸುಲಭ. ಒಂದು ಹಗಲು ಒಂದು ರಾತ್ರಿ ಸೇರಿ ಅರವತ್ತು ಗಳಿಗೆ, ಗಳಿಗೆಗೆ 24 ನಿಮಿಷ. ಇಡೀ ದಿನವನ್ನು ಒಂದು ಎಂದು ಹಿಡಿದು ಪಾಲು ಮಾಡುವ ಪದ್ಧತಿ. ಎಕ್ಸೆಲ್ ಕೂಡ ದಿನವನ್ನು ಒಂದು ಎಂದೇ ಹಿಡಿಯುತ್ತದೆ. ಬೆಳಗಿನ ಆರು ಗಂಟೆ ಅದಕ್ಕೆ 0.25, ನಡು ಮಧ್ಯಾಹ್ನ 0.5, ಸಂಜೆ ಆರು 0.75. ಒಂದು ತಾಸು ಅಂದರೆ ದಿನದ 24ನೇ ಒಂದು ಪಾಲು. ದಿನಾಂಕಗಳೂ ಅಷ್ಟೇ, 1900ರ ಜನವರಿ 1 ಅದರ ಮೊದಲ ದಿನ, ಅಲ್ಲಿಂದ ಎಣಿಸಿಕೊಂಡು ಬಂದಿದೆ. ಆದ್ದರಿಂದ ನೀವು ಎರಡು ಚುಕ್ಕಿ ಬಿಟ್ಟು ಬರೀ 830 ಎಂದು ಹೊಡೆದರೆ ಅದು ಎಂಟೂವರೆ ಅಂದುಕೊಳ್ಳುವುದಿಲ್ಲ, 830ನೇ ದಿನ ಅಂದುಕೊಳ್ಳುತ್ತದೆ. ಆ ಸೆಲ್ಲಿಗೆ ಮೊದಲೇ ವೇಳೆಯ ರೂಪ ಕೊಟ್ಟಿದ್ದರೆ ನಿಮಗೆ ಕಾಣುವುದು 0:00. ಒಳಗೆ ಕುಳಿತಿರುವುದು 1902ರ ಏಪ್ರಿಲ್ 9ರ ನಡುರಾತ್ರಿ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಕಟಾವು ಮಾಡಿದ ಹಾಗೆ.

ನಮಗೆ ಬೇಕಾದದ್ದು ಇಷ್ಟು: ಅತ್ತಿಗೆಯ ಎಡಗೈ ಚೀಟಿಯ ಮೇಲೆಯೇ ಇರಬೇಕು, ಬಲಗೈ 830 ಹೊಡೆದು ಎಂಟರ್ ಒತ್ತಬೇಕು, ಸೆಲ್ಲಿನಲ್ಲಿ ಸರಿಯಾದ ಎಂಟೂವರೆ ಕೂರಬೇಕು. ಇದಕ್ಕೆ ಮ್ಯಾಕ್ರೋ ಇಲ್ಲದ ದಾರಿಗಳೂ ಇವೆ. ಬೇಗ ಹೇಳಿ ಮುಗಿಸುತ್ತೇನೆ. ಕಂಟ್ರೋಲ್, ಶಿಫ್ಟ್ ಮತ್ತು ಆ ಎರಡು ಚುಕ್ಕಿಯ ಕೀಲಿ ಒಟ್ಟಿಗೆ ಒತ್ತಿದರೆ ಆ ಕ್ಷಣದ ವೇಳೆ ತಾನೇ ಬರುತ್ತದೆ. ಲಾರಿ ಗೇಟಿಗೆ ಬಂದ ಹೊತ್ತನ್ನು ಅಲ್ಲೇ ಕುಳಿತು ಬರೆಯುವ ರೈಸ್ ಮಿಲ್ಲಿನ ಗುಮಾಸ್ತನಿಗೆ ಅದು ಸಾಕು, ರಾತ್ರಿ ಚೀಟಿ ನೋಡಿ ತುಂಬುವವರಿಗೆ ಉಪಯೋಗವಿಲ್ಲ. ಆಟೋ ಕರೆಕ್ಟ್ ಎಂಬಲ್ಲಿ ಹೋಗಿ "ಎರಡು ದಶಮಾಂಶ ಚುಕ್ಕಿ ಹೊಡೆದರೆ ವೇಳೆಯ ಗುರುತು ಹಾಕು" ಎಂದು ಹೇಳಿಕೊಡಬಹುದು. ಆಗ 8..30 ಎಂದು ಅಂಕಿಗಳ ಗುಂಪಿನಿಂದಲೇ ಹೊಡೆಯಲು ಬರುತ್ತದೆ. ಆದರೆ ಆ ಪಾಠವನ್ನು ವರ್ಡ್ ಕೂಡ ಕಲಿತುಬಿಡುತ್ತದೆ, ನಾಳೆ ಅರ್ಜಿ ಬರೆಯುವಾಗ ಎರಡು ಚುಕ್ಕಿ ಇಟ್ಟಲ್ಲೆಲ್ಲ ವೇಳೆಯ ಗುರುತು ಬಂದೀತು. ಮೂರನೆಯದು, ಪಕ್ಕದ ಕಾಲಂನಲ್ಲಿ ಸೂತ್ರ ಹಾಕಿ ತಿದ್ದಿಕೊಳ್ಳುವುದು. ಅದೂ ಒಳ್ಳೆಯದೇ. ಆದರೆ ಎಂಟು ಗಂಟೆ 75 ನಿಮಿಷ ಎಂದು ತಪ್ಪಾಗಿ ಹೊಡೆದರೂ ಎಕ್ಸೆಲ್‌ನ ಟೈಮ್ ಸೂತ್ರ ಗದ್ದಲ ಮಾಡದೆ ಒಂಬತ್ತೂಕಾಲು ಮಾಡಿಬಿಡುತ್ತದೆ. ಇಂಥ ಜಾಣತನ ಲೆಕ್ಕದಲ್ಲಿ ನನಗೆ ಇಷ್ಟವಾಗುವುದಿಲ್ಲ. ತಪ್ಪು ಹೊಡೆದರೆ "ತಪ್ಪು" ಎನ್ನಬೇಕು.

ಹಾಗಾಗಿ ಮ್ಯಾಕ್ರೋ. ಮ್ಯಾಕ್ರೋ ಎಂದರೆ ಹಾಳೆಗೆ ನಾವು ಬರೆದುಕೊಟ್ಟ ಆಜ್ಞೆಗಳ ಪಟ್ಟಿ, ಅಷ್ಟೇ. ಆಲ್ಟ್ ಮತ್ತು ಎಫ್ 11 ಒತ್ತಿದರೆ ಅದನ್ನು ಬರೆಯುವ ಕಿಟಕಿ ತೆರೆಯುತ್ತದೆ. ಈ ಸೌಲಭ್ಯದ ಈಗಿನ ಭಾಷೆ ಎಕ್ಸೆಲ್‌ಗೆ 1993ರಲ್ಲಿ ಬಂದದ್ದು, ನಾನು ಒಂದನೇ ತರಗತಿಗೂ ಸೇರಿರಲಿಲ್ಲ. ಹಳೆಯದು, ಆದರೆ ಗಟ್ಟಿ. ಹಾಳೆಯಲ್ಲಿ ಯಾವ ಸೆಲ್ ಬದಲಾದರೂ ತಾನಾಗಿ ಏಳುವಂಥ ಒಂದು ಮ್ಯಾಕ್ರೋ ಬರೆಯಬಹುದು. ಅತ್ತಿಗೆಗಾಗಿ ಬರೆದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅದರ ಒಳಗೆ ಇರುವುದು ಈ ಶಾಲೆಯ ಗಣಿತವೇ.

ಮ್ಯಾಕ್ರೋ ಎದ್ದ ಕೂಡಲೇ ಮೊದಲು ನೋಡುವುದು ಬದಲಾದ ಸೆಲ್ ಎಲ್ಲಿದೆ ಎಂದು. ಶುರುವಿನ ಕಾಲಂ, ಮುಗಿದ ಕಾಲಂ, ಇವೆರಡರಲ್ಲಿ ಇಲ್ಲದಿದ್ದರೆ ಸುಮ್ಮನೆ ಮಲಗುತ್ತದೆ. ರೈತರ ಫೋನ್ ನಂಬರನ್ನು ವೇಳೆ ಮಾಡಿಬಿಟ್ಟರೆ ಕಷ್ಟ. ಒಂದಕ್ಕಿಂತ ಹೆಚ್ಚು ಸೆಲ್ ಒಮ್ಮೆಲೇ ಬದಲಾಗಿದ್ದರೂ, ಸೆಲ್ ಖಾಲಿಯಾಗಿದ್ದರೂ ಮಲಗುತ್ತದೆ. ಅಂಕಿ ಇದ್ದರೆ ಅದನ್ನು 100ರಿಂದ ಭಾಗಿಸುತ್ತದೆ. ಭಾಗಲಬ್ಧ ತಾಸು, ಶೇಷ ನಿಮಿಷ. 830ನ್ನು 100ರಿಂದ ಭಾಗಿಸಿದರೆ ಭಾಗಲಬ್ಧ 8, ಶೇಷ 30. 1425 ಆದರೆ 14 ಮತ್ತು 25. ಆಮೇಲೆ ಪರೀಕ್ಷೆ: ತಾಸು 23ಕ್ಕಿಂತ ಹೆಚ್ಚೇ, ನಿಮಿಷ 59ಕ್ಕಿಂತ ಹೆಚ್ಚೇ? ಹೌದಾದರೆ "ಚೀಟಿ ಮತ್ತೊಮ್ಮೆ ನೋಡಿ" ಎಂದು ಕನ್ನಡದಲ್ಲಿ ಒಂದು ಹಲಗೆ ಬರುತ್ತದೆ, ಸೆಲ್ ಕೆಂಪಾಗುತ್ತದೆ. ಸರಿಯಿದ್ದರೆ ತಾಸನ್ನು 24ರಿಂದ, ನಿಮಿಷವನ್ನು 1,440ರಿಂದ ಭಾಗಿಸಿ ಕೂಡಿಸಿ, ಅದೇ ಸೆಲ್ಲಿನಲ್ಲಿ ಇಟ್ಟು, ವೇಳೆಯ ರೂಪ ಕೊಡುತ್ತದೆ. ಭಾಗಲಬ್ಧ, ಶೇಷ! ಇವನ್ನು ಕಲಿಸುವಾಗ "ಇದು ಎಲ್ಲಿ ಬರ್ತದ ಸರ್?" ಎಂದು ನಮ್ಮ ಬೆಂಚಿನಲ್ಲಿ ಕೇಳದವರು ಇರಲಿಲ್ಲ. ಇಲ್ಲಿ ಬಂತು ನೋಡಿ.

ಒಂದು ಕೊಂಡಿ ಇದೆ, ಬರೆಯಲು ಹೊರಟವರಿಗೆ ಹೇಳಲೇಬೇಕು. ಈ ಮ್ಯಾಕ್ರೋ ಸೆಲ್ ಬದಲಾದಾಗ ಏಳುತ್ತದೆ ಎಂದೆ. ಅದು ತಾನೇ ಸೆಲ್ಲನ್ನು ಬದಲಿಸುತ್ತದಲ್ಲ? ಆಗ ಮತ್ತೆ ಏಳುತ್ತದೆ, ತಾನು ಬರೆದದ್ದನ್ನೇ ಮತ್ತೆ ಬದಲಿಸಲು ನೋಡುತ್ತದೆ, ಬಾವಿಯ ರಾಟೆಗೆ ತಾನೇ ಸುತ್ತಿಕೊಂಡ ಹಗ್ಗದ ಹಾಗೆ. ಅದಕ್ಕೆ ಬರೆಯುವ ಮುನ್ನ ಘಟನೆಗಳನ್ನು ಗಮನಿಸುವುದನ್ನು ನಿಲ್ಲಿಸು ಎನ್ನಬೇಕು, ಬರೆದ ಮೇಲೆ ಮತ್ತೆ ಶುರು ಮಾಡು ಎನ್ನಬೇಕು. ನಡುವೆ ಏನಾದರೂ ಎಡವಿದರೂ ಶುರು ಮಾಡುವ ಸಾಲು ತಪ್ಪದೆ ನಡೆಯುವಂತೆ ಬರೆಯಬೇಕು. ಇಲ್ಲವಾದರೆ ಮ್ಯಾಕ್ರೋ ಹೇಳದೆ ಕೇಳದೆ ಸತ್ತುಹೋಗುತ್ತದೆ, 830 ಹೊಡೆದರೆ 830 ಆಗಿಯೇ ಕುಳಿತಿರುತ್ತದೆ.

ಬೇಗ ತುಂಬುವುದು ಇಷ್ಟರಿಂದ ಆಯಿತು. ಆದರೆ ವೇಳೆ ಸರಿಯಾಗಿ ಕುಳಿತ ಮಾತ್ರಕ್ಕೆ ಬಿಲ್ಲು ಸರಿ ಬರುವುದಿಲ್ಲ. ಮೂರು ಮುಕ್ಕಾಲು ತಾಸನ್ನು 2,400ರಿಂದ ಗುಣಿಸಿ ನೋಡಿ, ಎಕ್ಸೆಲ್ 375 ರೂಪಾಯಿ ತೋರಿಸುತ್ತದೆ. ಏಕೆಂದರೆ ಅದರ ಲೆಕ್ಕದಲ್ಲಿ ಮೂರು ಮುಕ್ಕಾಲು ತಾಸು ಅಂದರೆ ದಿನದ ಒಂದು ಚೂರು. 24ರಿಂದಲೂ ಗುಣಿಸಿದರೆ 9,000 ಬರುತ್ತದೆ. ಇನ್ನು ಹಂಗಾಮಿನ ಮೊತ್ತ ಕೂಡಿಸಿದಾಗ 31 ತಾಸು ಆಗಿದ್ದರೆ ಹಾಳೆ 7:00 ಎಂದು ತೋರಿಸುತ್ತದೆ, 24 ಮುಗಿದ ಕೂಡಲೇ ಗಡಿಯಾರದ ಹಾಗೆ ಸೊನ್ನೆಯಿಂದ ಶುರು ಮಾಡುತ್ತದೆ. ಸೆಲ್ಲಿನ ರೂಪದಲ್ಲಿ ತಾಸಿನ ಅಕ್ಷರವನ್ನು ಚೌಕ ಕಂಸದಲ್ಲಿ ಇಟ್ಟರೆ 31:00 ಎಂದು ಪೂರ್ತಿ ಕಾಣುತ್ತದೆ. ಮಷಿನ್ ಮೇಲೆ ಡ್ರೈವರ್ ಜೊತೆ ನಿಲ್ಲುವ ಹುಡುಗನಿಗೆ ತಾಸಿನ ಲೆಕ್ಕದಲ್ಲಿ ಕೂಲಿ ಕೊಡುವವರಿದ್ದರೆ ಇದನ್ನು ದಯವಿಟ್ಟು ಇವತ್ತೇ ನೋಡಿಕೊಳ್ಳಿ. 31 ತಾಸು ದುಡಿದವನ ಕೈಗೆ ಏಳು ತಾಸಿನ ಕೂಲಿ ಹೋಗಬಾರದು.

ನಡುರಾತ್ರಿಯದು ಇನ್ನೊಂದು ಕಥೆ. ಮೋಡ ಕಟ್ಟಿದರೆ ಮಷಿನ್ ರಾತ್ರಿಯೂ ಓಡುತ್ತದೆ. 22:40ಕ್ಕೆ ಶುರುವಾಗಿ 1:20ಕ್ಕೆ ಮುಗಿದರೆ ಕಳೆದಾಗ ಋಣ ಸಂಖ್ಯೆ ಬರುತ್ತದೆ, ಎಕ್ಸೆಲ್ ಸೆಲ್ಲಿನ ತುಂಬ ಬೇಲಿ ಹಾಕಿದಂತೆ ಗುರುತು ತೋರಿಸುತ್ತದೆ. ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರ ಹಾಜರಿ ಹಾಳೆಗೂ ಇದೇ ತೊಡಕು. ಮುಗಿದ ವೇಳೆ ಚಿಕ್ಕದಿದ್ದರೆ ಒಂದು ದಿನ ಕೂಡಿಸಿ ಕಳೆಯಬೇಕು, ಆಗ 2 ತಾಸು 40 ನಿಮಿಷ ಸರಿಯಾಗಿ ಬರುತ್ತದೆ. ಪುಸ್ತಕಗಳಲ್ಲಿ ಇದನ್ನೇ ಹೇಳಿ ಮುಂದೆ ಹೋಗುತ್ತಾರೆ. ಆದರೆ ನಮ್ಮ ಡ್ರೈವರ್ 11.40ಕ್ಕೆ ಶುರು ಮಾಡಿ ಮಧ್ಯಾಹ್ನ 1.10ಕ್ಕೆ ಮುಗಿಸಿ ಚೀಟಿಯಲ್ಲಿ 1.10 ಎಂದೇ ಬರೆಯುತ್ತಾನೆ, 13.10 ಎಂದು ಬರೆಯುವುದಿಲ್ಲ. ತುಂಬುವವರೂ ಹಾಗೆಯೇ 110 ಹೊಡೆದರೋ, ಹಾಳೆ ನಡುರಾತ್ರಿ ದಾಟಿತು ಎಂದು ತಿಳಿದು ಒಂದು ದಿನ ಕೂಡಿಸಿ ಹದಿಮೂರೂವರೆ ತಾಸು ಮಾಡುತ್ತದೆ. 3,600ರ ಬಿಲ್ಲು 32,400 ಆಗುತ್ತದೆ. ಮೊದಲ ತಪ್ಪಿಗೆ ಹಾಕಿದ ಮದ್ದು ಎರಡನೆಯ ತಪ್ಪನ್ನು ಮುಚ್ಚಿಹಾಕಿತು. ಅದಕ್ಕೆ ಒಂದೇ ಗದ್ದೆಗೆ ಆರು ತಾಸಿಗಿಂತ ಹೆಚ್ಚು ಬಂದರೆ ಆ ಸಾಲು ಹಳದಿಯಾಗುವಂತೆ ಇಟ್ಟಿದ್ದೇವೆ. ಹಳದಿ ಕಂಡರೆ ಅತ್ತಿಗೆ ಡ್ರೈವರ್‌ಗೆ ಫೋನ್ ಮಾಡುತ್ತಾರೆ. ಹಗಲೋ ರಾತ್ರಿಯೋ ಎಂಬುದು ಮ್ಯಾಕ್ರೋಗೆ ತಿಳಿಯುವುದಿಲ್ಲ, ಗದ್ದೆಯಲ್ಲಿ ನಿಂತವನಿಗೆ ತಿಳಿಯುತ್ತದೆ.

ಅಜ್ಜಿಯ ಮಾತಿಗೆ ಬರುತ್ತೇನೆ, ಅರ್ಧಕ್ಕೆ ಬಿಟ್ಟಿದ್ದೆ. ಅವತ್ತು ಕಾಕಾ ಅಲ್ಲಿಯೇ 640 ರೂಪಾಯಿ ಬಿಟ್ಟು ಲೆಕ್ಕ ಚುಕ್ತಾ ಮಾಡಿದರು. ಅಜ್ಜಿ ಹೋದ ಮೇಲೆ ಮನೆಯಲ್ಲಿ ಮಾತೇ ಇರಲಿಲ್ಲ. ಕಟ್ಟಿದ ಚೀಟಿಗಳ ಗಂಟು ಬಿಚ್ಚಿ ಆ ಹಂಗಾಮಿನದ್ದೆಲ್ಲ ಮತ್ತೆ ಲೆಕ್ಕ ಹಾಕಿದೆವು. ಎರಡು ಪಟ್ಟಿ ಆದವು: ಹೆಚ್ಚು ತೆಗೆದುಕೊಂಡವರದು ಒಂದು, ಕಡಿಮೆ ತೆಗೆದುಕೊಂಡವರದು ಇನ್ನೊಂದು. ಅಣ್ಣ ಎರಡನ್ನೂ ಜಮಾಖರ್ಚು ಮಾಡಿ ಕೈತೊಳೆದುಕೊಳ್ಳೋಣ ಎಂದ. ಕಾಕಾ ಕೇಳಲಿಲ್ಲ. "ಹೆಚ್ಚಿಗಿ ತಗೊಂಡದ್ದು ತಿರುಗಿ ಕೊಡೂಣು. ಕಡಿಮಿ ತಗೊಂಡದ್ದನ್ನ ಯಾವ ಮುಖ ಇಟ್ಕೊಂಡು ಕೇಳ್ತೀ? ಹಾಳಿ ನಮ್ದು" ಎಂದರು. ಆ ಹಣ ಕೊಡಲು ಅವರಿಗೆ ಎರಡು ತಿಂಗಳು ಹಿಡಿಯಿತು, ಮಷಿನ್‌ನ ಒಂದು ಕಂತು ತಡವಾಯಿತು. ಕೆಲವರು ಬೇಡ ಎಂದರು, ಕೆಲವರು ಎಣಿಸಿ ತೆಗೆದುಕೊಂಡರು. ಒಬ್ಬರು "ಹಿಂದಿನ ಹಂಗಾಮಿಂದೂ ತೆಗೀರಿ" ಎಂದು ಜಗಳಕ್ಕೆ ಬಂದರು. ಅದೂ ನ್ಯಾಯವೇ. ಆದರೆ ಆ ಚೀಟಿಗಳು ಉಳಿದಿರಲಿಲ್ಲ. ಈಗ ಕಾಕಾನ ಮನೆಯಲ್ಲಿ ಚೀಟಿಗಳನ್ನು ಮೂರು ವರ್ಷ ಇಡುತ್ತಾರೆ.

ಇದು ಗಂಗಾವತಿ ಕಡೆಯ ಭತ್ತದವರ ತಾಪತ್ರಯ ಎಂದು ನಮ್ಮ ಕಡೆಯವರು ಸುಮ್ಮನಿರುವಂತಿಲ್ಲ. ಕೃಷಿ ಹೊಂಡ ತೋಡುವ ಹಿಟಾಚಿ ತಾಸಿನ ಲೆಕ್ಕ, ಹೊಲ ಸಮ ಮಾಡುವ ಜೆಸಿಬಿ ತಾಸಿನ ಲೆಕ್ಕ. ಈ ದೊಡ್ಡ ಯಂತ್ರಗಳಲ್ಲಿ ತಾಸಿನ ಮೀಟರ್ ಇರುತ್ತದೆ. ಅದರ ಕೊನೆಯ ಅಂಕಿ ತಾಸಿನ ಹತ್ತನೇ ಒಂದು ಪಾಲನ್ನು ತೋರಿಸುವುದಾದರೆ ಅದು ಆರು ನಿಮಿಷ. ಮೀಟರ್‌ನಲ್ಲಿ 3.7 ಎಂದಿದ್ದರೆ ಅದು ಮೂರು ತಾಸು 42 ನಿಮಿಷ, ಅಲ್ಲಿಯ ಚುಕ್ಕಿ ನಿಜವಾದ ದಶಮಾಂಶ, ಅದನ್ನು ದರದಿಂದ ನೇರ ಗುಣಿಸಬಹುದು. ಚೀಟಿಯ 3.70 ಎಂಬುದಕ್ಕೆ ಅರ್ಥವೇ ಇಲ್ಲ. ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ. ಮೀಟರ್ ಇದ್ದಲ್ಲಿ ಮೀಟರ್ ಬರೆಯಿರಿ, ಗಡಿಯಾರ ನೋಡಿದಲ್ಲಿ ಗಡಿಯಾರ ಬರೆಯಿರಿ, ಯಾವುದು ಎಂಬುದನ್ನು ಕಾಲಂನ ತಲೆಯಲ್ಲಿ ಬರೆಯಿರಿ. ದುಡ್ಡು ಕೊಡುವವರು ಯಂತ್ರ ಶುರುವಾಗುವಾಗ ಒಮ್ಮೆ, ನಿಲ್ಲುವಾಗ ಒಮ್ಮೆ ತಮ್ಮ ಮೊಬೈಲ್‌ನಲ್ಲಿ ಮೀಟರ್‌ನ ಫೋಟೋ ತೆಗೆದುಕೊಂಡರೆ ಯಾವ ಮ್ಯಾಕ್ರೋಗಿಂತಲೂ ಮೇಲು.

ನಾವು ಸಾಫ್ಟ್‌ವೇರ್‌ನವರೂ ವಾರ ವಾರ ತಾಸು ಬರೆಯುತ್ತೇವೆ. ಶುಕ್ರವಾರ ಸಂಜೆ ಕುಳಿತು ದಿನಕ್ಕೆ ಎಂಟರಂತೆ ಐದು ಸಲ ತುಂಬಿದರೆ ಆಯಿತು, ಸಂಬಳ ತಿಂಗಳಿಗೆ ಬರುತ್ತದೆ, ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಯಾರ ಒಲೆಯೂ ಆರುವುದಿಲ್ಲ. ನಿಮಿಷಕ್ಕೆ ನಲವತ್ತು ರೂಪಾಯಿ ಕೊಡುವವರ ಹಾಳೆ ಹಾಗಲ್ಲ. ಅಂಥ ಹಾಳೆಗಳನ್ನು ಬರೆಯುವವರು ಈಗ ಊರೂರಲ್ಲಿ ಇದ್ದಾರೆ, ಹೆಚ್ಚಿನವರು ಹತ್ತನೇ ತರಗತಿಯೋ ಪಿಯುಸಿಯೋ ಓದಿದ ಹೆಣ್ಣುಮಕ್ಕಳು. ಅವರಿಗೆ ಯಾರೂ ಇಂಜಿನಿಯರ್ ಎನ್ನುವುದಿಲ್ಲ.

ಎರಡು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಮ್ಯಾಕ್ರೋ ಸೆಲ್ಲನ್ನು ಬದಲಿಸಿದ ಮೇಲೆ ಕಂಟ್ರೋಲ್ ಝಡ್ ಒತ್ತಿದರೆ ಹಿಂದಿನದು ಮರಳಿ ಬರುವುದಿಲ್ಲ. ಆದ್ದರಿಂದ ದಿನಕ್ಕೊಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಎರಡನೆಯದು, ಮ್ಯಾಕ್ರೋ ಇರುವ ಕಡತವನ್ನು ಗುರುತಿಲ್ಲದವರು ಕಳಿಸಿದರೆ ತೆರೆಯಬೇಡಿ. ಆಜ್ಞೆಗಳ ಪಟ್ಟಿ ಎಂದೆನಲ್ಲ, ಕೆಟ್ಟ ಆಜ್ಞೆಯನ್ನೂ ಬರೆಯಬಹುದು. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ ಲೋಕವೆಲ್ಲ ಹರಡಿದ್ದು ವರ್ಡ್ ಕಡತದ ಒಂದು ಮ್ಯಾಕ್ರೋದಿಂದಲೇ. ಈಗ ಇಂಟರ್ನೆಟ್‌ನಿಂದ ಇಳಿಸಿದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತದೆ. ಅದನ್ನು ತೆಗೆಯುವುದು ಹೇಗೆ ಎಂದು ನನ್ನನ್ನು ಕೇಳುವ ಬದಲು ಮ್ಯಾಕ್ರೋವನ್ನು ನೀವೇ ಕೈಯಾರೆ ಬರೆದುಕೊಳ್ಳಿ, ಇಪ್ಪತ್ತು ಸಾಲೂ ಇಲ್ಲ. ಮೊಬೈಲ್‌ನ ಎಕ್ಸೆಲ್‌ನಲ್ಲಿ ಇದು ನಡೆಯುವುದಿಲ್ಲ, ಕಂಪ್ಯೂಟರ್ ಬೇಕು.

ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ ಕಂಪ್ಯೂಟರ್‌ಗಳು ವಿಜ್ಞಾನ ಕೊಠಡಿಯ ಪಕ್ಕದಲ್ಲಿವೆ. ಅವುಗಳಲ್ಲಿ ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್ ಇದೆ, ಅದಕ್ಕೆ ಒಗ್ಗುವ ಹಾಗೆ ಇದೇ ಮ್ಯಾಕ್ರೋವನ್ನು ಬೇರೆ ಬರೆದು ಇಟ್ಟಿದ್ದೇನೆ. ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ವಿವರಣೆ ಇದೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಅದನ್ನು ಕೆಡಿಸಿ ನೋಡಬಹುದು, ಇನ್ನೊಂದು ಪ್ರತಿ ಗಣಿತದ ಗುರುಗಳ ಹತ್ತಿರವಿದೆ. ಊಟ ಆದ ಮೇಲೆ ಸಂಜೆ ಐದರವರೆಗೆ ನಾನು ಅಲ್ಲಿಯೇ ಇರುತ್ತೇನೆ. ಟ್ರ್ಯಾಕ್ಟರ್, ಹಿಟಾಚಿ, ಕಟಾವು ಮಷಿನ್, ಯಾವುದರದ್ದಾದರೂ ಸರಿ, ಮನೆಯಲ್ಲಿ ಹಳೆಯ ಚೀಟಿ ಇದ್ದವರು ತೆಗೆದುಕೊಂಡು ಬನ್ನಿ, ಕೂತು ಲೆಕ್ಕ ಹಾಕೋಣ.